ಸೈಕಲ್ ಬಗ್ಗೆ ಅಲ್ಲ, ಬ್ಯಾಟ್ ಬಗ್ಗೆಯೂ ಅಲ್ಲ

ಎರಡು ಪುಸ್ತಕಗಳ ಬಗ್ಗೆ ಬರೆಯಬೇಕು ಅಂತ ಒಂದು ವರ್ಷದಿಂದ ಅಂದುಕೊಳ್ತಾನೇ ಇದ್ದೀನಿ. ಎರಡೂ ಆಟಗಾರರು ಹೇಳಿಕೊಂಡ ಕ್ಯಾನ್ಸರ್ ಕಥೆಗಳು. ಒಂದು, ಸೈಕಲ್ ಸವಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 2000ರಲ್ಲಿ ಸ್ಯಾಲಿ ಜೆಂಕಿನ್ಸ್ ಜೊತೆ ಸೇರಿ ಬರೆದ 'ಇಟ್ಸ್ ನಾಟ್ ಅಬೌಟ್ ದ ಬೈಕ್'. ಇನ್ನೊಂದು, ನಮ್ಮ ಯುವರಾಜ್ ಸಿಂಗ್ ಅವರ 'ದ ಟೆಸ್ಟ್ ಆಫ್ ಮೈ ಲೈಫ್'. ಇಷ್ಟು ದಿನ ಬರೆಯದೇ ಇದ್ದದ್ದಕ್ಕೆ ಸೋಮಾರಿತನ ಕಾರಣ ಅಲ್ಲ. ಬರೆಯೋಕೆ ಕೂತರೆ ನಮ್ಮ ಬಾಡಿಗೆ ಮನೆಯ ಬಚ್ಚಲಿನ ಒಂದು ಬೆಳಗ್ಗೆಯ ವಿಷಯವನ್ನೂ ಹೇಳಬೇಕಾಗುತ್ತೆ, ಅದಕ್ಕೆ.

ಸರಿ, ಹೇಳಿಬಿಡ್ತೀನಿ. ಹೋದ ವರ್ಷ ಜೂನ್‌ನಲ್ಲಿ ಸ್ನಾನ ಮಾಡ್ತಾ ಸೋಪು ಹಚ್ಚಿಕೊಳ್ಳುವಾಗ ಬಲಗಡೆಯ ಬೀಜದ ಮೇಲ್ಭಾಗದಲ್ಲಿ ಕಡಲೆಕಾಳಿನಷ್ಟು ದೊಡ್ಡ ಗಂಟೊಂದು ಕೈಗೆ ಸಿಕ್ಕಿತು. ನೋವಿಲ್ಲ, ಉರಿಯಿಲ್ಲ. ಒತ್ತಿದರೆ ಅಲ್ಲೇ ಇದೆ. ಆಗ ನನಗೆ 26 ವರ್ಷ. ನಾನು ಡಾಕ್ಟರ ಹತ್ತಿರ ಹೋದದ್ದು ಆಗಸ್ಟ್ ಕೊನೆಯಲ್ಲಿ. ಲೆಕ್ಕ ಹಾಕಿದರೆ ಹನ್ನೊಂದು ವಾರ. ಆ ಹನ್ನೊಂದು ವಾರದಲ್ಲಿ ನಾನು ಬೈಕನ್ನು ಸರ್ವೀಸಿಗೆ ಬಿಟ್ಟೆ, ಹಲ್ಲು ಕ್ಲೀನ್ ಮಾಡಿಸಿದೆ, ಆಫೀಸಿನಲ್ಲಿ ಒಂದು ರಿಲೀಸ್ ಮುಗಿಸಿದೆ. ನಾನು ಕೆಲಸ ಮಾಡೋದು ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ. ಬಗ್ ಕಂಡ ದಿನವೇ ಟಿಕೆಟ್ ಹಾಕಬೇಕು ಅನ್ನೋದನ್ನ ಹೊಸಬರಿಗೆ ಪಾಠ ಮಾಡೋನು ನಾನು.

ಆ ಹನ್ನೊಂದು ವಾರದಲ್ಲೇ ಈ ಎರಡೂ ಪುಸ್ತಕಗಳನ್ನ ಓದಿದ್ದು. ಡಾಕ್ಟರಿಗೆ ಫೋನ್ ಮಾಡೋದಕ್ಕಿಂತ ಪುಸ್ತಕ ಕೊಳ್ಳೋದು ಸುಲಭ ಅನ್ನಿಸಿತ್ತು. ಹಾಗಾಗಿ ಇದು ನಿಷ್ಪಕ್ಷಪಾತ ವಿಮರ್ಶೆ ಅಲ್ಲ. ನಾನು ಈ ಪುಸ್ತಕಗಳನ್ನ ಓದಿದ್ದು ಒಂದೇ ಪ್ರಶ್ನೆ ಇಟ್ಟುಕೊಂಡು: ಇವರು ಯಾವಾಗ ಡಾಕ್ಟರ ಹತ್ತಿರ ಹೋದರು? ಅದಕ್ಕೂ ಮುಂಚೆ ಏನು ಮಾಡ್ತಿದ್ದರು?

ಮೊದಲು ಆರ್ಮ್‌ಸ್ಟ್ರಾಂಗ್. 1996ರ ಅಕ್ಟೋಬರ್ 2ರಂದು ಅವನಿಗೆ ವೃಷಣದ ಕ್ಯಾನ್ಸರ್ ಅಂತ ಗೊತ್ತಾಗುತ್ತೆ. ವಯಸ್ಸು 25. ಮಾರನೇ ದಿನವೇ ಆಪರೇಷನ್ ಮಾಡಿ ಆ ವೃಷಣವನ್ನ ತೆಗೀತಾರೆ. ಅಷ್ಟರಲ್ಲಿ ಅದು ಹೊಟ್ಟೆಗೆ, ಶ್ವಾಸಕೋಶಕ್ಕೆ, ಮೆದುಳಿಗೆ ಹಬ್ಬಿಬಿಟ್ಟಿದೆ. ಅದೇ ತಿಂಗಳ ಕೊನೆಗೆ ಮೆದುಳಿನ ಆಪರೇಷನ್ನೂ ಆಗುತ್ತೆ. ಇಷ್ಟು ದೂರ ಹೋಗುವ ತನಕ ಅವನಿಗೆ ಏನೂ ಗೊತ್ತಾಗಲಿಲ್ವಾ? ಗೊತ್ತಾಗಿತ್ತು. ಊತ ಇತ್ತು. ತಲೆನೋವು ಇತ್ತು. ಕೆಮ್ಮಿದರೆ ರಕ್ತ ಬಂತು. ದಿನಕ್ಕೆ ಆರು ಗಂಟೆ ಸೈಕಲ್ ಸೀಟಿನ ಮೇಲೆ ಕೂರುವವನಿಗೆ ಅಲ್ಲಿ ನೋವು ಊತ ಇರೋದು ಸಹಜ ಅಂದುಕೊಂಡು ಸುಮ್ಮನಿದ್ದ.

ಈ ಪುಸ್ತಕದ ದೊಡ್ಡ ಗುಣ ಅಂದರೆ ಅಂಗದ ಹೆಸರನ್ನ ನೇರವಾಗಿ ಹೇಳೋದು. 'ಆ ಭಾಗ', 'ಕೆಳಗೆ' ಅನ್ನೋ ಮಾತಿಲ್ಲ. ಕೀಮೋ ಶುರುವಾಗುವ ಮುಂಚೆ ವೀರ್ಯವನ್ನ ಸ್ಪರ್ಮ್ ಬ್ಯಾಂಕಿನಲ್ಲಿ ಇಡೋಕೆ ಹೋದದ್ದನ್ನೂ ಮುಚ್ಚುಮರೆಯಿಲ್ಲದೆ ಬರೀತಾನೆ. ಓದ್ತಾ ಇದ್ದರೆ ನಮಗೇ ಕುರ್ಚಿಯಲ್ಲಿ ಸರಿಯಾಗಿ ಕೂರೋಕಾಗಲ್ಲ. ಗಂಡಸರು ಹೀಗೂ ಬರೀಬಹುದು ಅಂತ ಆಗಲೇ ನನಗೆ ಗೊತ್ತಾದದ್ದು.

ಆದರೆ ದೋಷವೂ ಅಲ್ಲೇ ಇದೆ. ಕ್ರೀಡಾಪಟುಗಳು ನೋವನ್ನ ಕಡೆಗಣಿಸೋದರಲ್ಲಿ ಪಳಗಿದವರು, ನನ್ನ ತಪ್ಪೂ ಅದೇ ಅಂತ ಆರ್ಮ್‌ಸ್ಟ್ರಾಂಗ್ ಒಪ್ಪಿಕೊಳ್ತಾನೆ. ಒಪ್ಪಿಕೊಳ್ಳುವ ದನಿಯಲ್ಲಿ ಸ್ವಲ್ಪ ಹೆಮ್ಮೆ ಕೇಳಿಸುತ್ತೆ. 'ನಾನು ಎಷ್ಟು ಗಟ್ಟಿ ಅಂದರೆ ಕ್ಯಾನ್ಸರ್ ಬಂದರೂ ಗೊತ್ತಾಗಲಿಲ್ಲ ನೋಡಿ' ಅನ್ನೋ ಥರ. ಆಮೇಲೆ ಇಡೀ ಪುಸ್ತಕ ರೇಸಿನ ಭಾಷೆಗೆ ತಿರುಗುತ್ತೆ. ರೋಗ ಎದುರಾಳಿ, ಕೀಮೋ ಬೆಟ್ಟದ ಏರು, ಬದುಕಿದ್ದು ಗೆಲುವು. ಓದುವವನಿಗೆ ರೋಮಾಂಚನ ಆಗುತ್ತೆ, ನಿಜ. ನನಗೂ ಆಯಿತು. ಪುಸ್ತಕ ಮುಚ್ಚಿ ಇಟ್ಟು ಇನ್ನೂ ಮೂರು ವಾರ ಸುಮ್ಮನಿದ್ದೆ. ಯಾಕೆ ಅಂದರೆ ಈ ಕಥೆ ನನಗೆ ಕಲಿಸಿದ್ದು ಕಾಯಿಲೆ ಬಂದ ಮೇಲೆ ಹೋರಾಡೋದನ್ನ. ನನಗೆ ಬೇಕಿದ್ದದ್ದು ರಿಸೆಪ್ಷನ್‌ನಲ್ಲಿ ಕೂತಿರುವ ಹುಡುಗಿಗೆ 'ಯಾವ ಡಾಕ್ಟರು ಬೇಕು' ಅನ್ನೋ ಪ್ರಶ್ನೆಗೆ ಉತ್ತರ ಕೊಡುವಷ್ಟು ಧೈರ್ಯ. ಅಂಥ ಸಣ್ಣ ಧೈರ್ಯಕ್ಕೆ ಈ ಪುಸ್ತಕದಲ್ಲಿ ಜಾಗ ಇಲ್ಲ.

ಆಮೇಲಿನ ಕಥೆ ನಿಮಗೆ ಗೊತ್ತೇ ಇದೆ. 1999ರಿಂದ 2005ರ ತನಕ ಗೆದ್ದ ಏಳೂ ಟೂರ್ ಡಿ ಫ್ರಾನ್ಸ್ ಪಟ್ಟಗಳನ್ನ 2012ರಲ್ಲಿ ಕಿತ್ತುಕೊಂಡರು. 2013ರ ಜನವರಿಯಲ್ಲಿ ಓಪ್ರಾ ವಿನ್‌ಫ್ರೇ ಎದುರು ಕೂತು ಉದ್ದೀಪನ ಮದ್ದು ತೆಗೆದುಕೊಂಡದ್ದನ್ನ ಒಪ್ಪಿಕೊಂಡ. ಕ್ಯಾಲಿಫೋರ್ನಿಯಾದಲ್ಲಿ ಕೆಲವು ಓದುಗರು, ನಿಜ ಕಥೆ ಅಂತ ಸುಳ್ಳು ಮಾರಿದ್ದಾರೆ ಅಂತ ಕೇಸನ್ನೂ ಹಾಕಿದರು. ಕೋರ್ಟು ಅದನ್ನ ವಜಾ ಮಾಡಿತು. ನನ್ನ ರೂಮ್‌ಮೇಟ್ ನನ್ನ ಕೈಲಿ ಪುಸ್ತಕ ನೋಡಿ, "ಅವನೊಬ್ಬ ಕಳ್ಳ, ಅವನ ಪುಸ್ತಕ ಯಾಕೋ ಓದ್ತೀಯ?" ಅಂದ. ಇದು ನಿಜವಾದ ವಿಮರ್ಶೆಯ ಪ್ರಶ್ನೆ. ರೇಸಿನ ಬಗ್ಗೆ ಸುಳ್ಳು ಹೇಳಿದವನ ವೃಷಣದ ಮಾತನ್ನ ನಂಬಬೇಕಾ?

ನಂಬಬೇಕು ಅಂತ ನನಗನ್ನಿಸುತ್ತೆ. ಗಡ್ಡೆ ಸುಳ್ಳಲ್ಲ, ತಡ ಮಾಡಿದ್ದೂ ಸುಳ್ಳಲ್ಲ. ಇನ್ನೊಂದು ವಿಷಯವೂ ಇದೆ. 1996ರ ಅಕ್ಟೋಬರ್‌ನಲ್ಲಿ ಆಸ್ಪತ್ರೆಯ ಕೋಣೆಯಲ್ಲಿ ವೈದ್ಯರು ಕೇಳಿದಾಗ ಆರ್ಮ್‌ಸ್ಟ್ರಾಂಗ್ ತಾನು ತೆಗೆದುಕೊಂಡ ಉದ್ದೀಪನ ಮದ್ದುಗಳ ಹೆಸರನ್ನ ಹೇಳಿಬಿಟ್ಟ, ನಾನೇ ಅಲ್ಲಿದ್ದೆ ಅಂತ ಅವನ ತಂಡದ ಸವಾರನೊಬ್ಬನ ಹೆಂಡತಿ ಬೆಟ್ಸಿ ಆಂಡ್ರ್ಯೂ ಪ್ರಮಾಣ ಮಾಡಿ ಸಾಕ್ಷಿ ಹೇಳಿದರು. ಆರ್ಮ್‌ಸ್ಟ್ರಾಂಗ್ ಆಗ ಅದನ್ನ ಅಲ್ಲಗಳೆದಿದ್ದ. ಆಕೆ ಹೇಳಿದ್ದು ಸರಿಯಾಗಿದ್ದರೆ, ಓದುಗರಿಂದ ಮುಚ್ಚಿಟ್ಟದ್ದನ್ನ ಅವನು ಡಾಕ್ಟರಿಗೆ ಮುಚ್ಚಿಡಲಿಲ್ಲ ಅಂತಾಯಿತು. ನಾನು ಉಲ್ಟಾ. ಗೆಳೆಯರ ಹತ್ತಿರ ಯಾವತ್ತೂ ಸುಳ್ಳು ಹೇಳಿದವನಲ್ಲ, ಡಾಕ್ಟರಿಗೆ ಮಾತ್ರ ನಿಜ ಹೇಳೋಕೆ ಹನ್ನೊಂದು ವಾರ ಬೇಕಾಯಿತು.

ಈಗ ಯುವರಾಜ್. 2011ರ ಮಾರ್ಚ್ 6ರಂದು ಚಿನ್ನಸ್ವಾಮಿ ಸ್ಟೇಡಿಯಮ್ಮಿನಲ್ಲಿ ಐರ್ಲೆಂಡ್ ಮೇಲೆ ಐದು ವಿಕೆಟ್ ತೆಗೆದು ಅರ್ಧ ಶತಕವನ್ನೂ ಹೊಡೆದ ದಿನ ನಾನು ಸ್ಟ್ಯಾಂಡಿನಲ್ಲಿದ್ದೆ. ವಿಶ್ವಕಪ್ಪಿನ ಒಂದೇ ಪಂದ್ಯದಲ್ಲಿ ಐದು ವಿಕೆಟ್ಟೂ ಐವತ್ತು ರನ್ನೂ ಮಾಡಿದ ಮೊದಲನೆಯವನು. ಎರಡು ವಾರದ ನಂತರ ಚೆನ್ನೈನಲ್ಲಿ ವೆಸ್ಟ್ ಇಂಡೀಸ್ ಮೇಲೆ 113 ರನ್. ಕ್ರೀಸಿನಲ್ಲೇ ವಾಂತಿ ಮಾಡಿಕೊಂಡು ಆಡಿದ. ನಾವು ಟಿವಿ ಮುಂದೆ ಕೂತು ಸೆಖೆಗೆ ಹಾಗಾಗಿರಬೇಕು ಅಂದುಕೊಂಡು ಚಪ್ಪಾಳೆ ತಟ್ಟಿದೆವು. ಟೂರ್ನಿಯ ಕೊನೆಗೆ 362 ರನ್, 15 ವಿಕೆಟ್, ಸರಣಿ ಶ್ರೇಷ್ಠ. ಮುಂದಿನ ವರ್ಷದ ಶುರುವಿನಲ್ಲಿ ಅವನು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ತಲೆಗೂದಲು ಉದುರಿಸಿಕೊಂಡು ಕೀಮೋ ತೆಗೆದುಕೊಳ್ತಾ ಇದ್ದ.

ಆರ್ಮ್‌ಸ್ಟ್ರಾಂಗ್ ಪುಸ್ತಕಕ್ಕಿಂತ ಇದು ಸಣ್ಣ ದನಿಯ ಪುಸ್ತಕ, ಆ ಕಾರಣಕ್ಕೇ ನನಗೆ ಹೆಚ್ಚು ಹತ್ತಿರವಾಯಿತು. ಹೆದರಿಕೆ ಇದೆ, ಅಳು ಇದೆ, ಅಮ್ಮ ಇದ್ದಾರೆ. ದೇಹ ಕೊಟ್ಟ ಸೂಚನೆಗಳನ್ನ ಆಟದ ಹೆಸರಿನಲ್ಲಿ ಮುಂದೂಡಿದ್ದನ್ನ ಯುವಿ ಶೌರ್ಯ ಅಂತ ಮಾರೋದಿಲ್ಲ. ನಮ್ಮಲ್ಲಿ ಆಟಗಾರರ ಆತ್ಮಕಥೆ ಅಂದರೆ ಸ್ಕೋರ್‌ಕಾರ್ಡಿಗೆ ಉಪ್ಪು ಖಾರ ಹಚ್ಚಿದ್ದು. ಇದು ಹಾಗಲ್ಲ.

ಆದರೆ ಈ ಪುಸ್ತಕ ಓದಿದ ನನ್ನ ನಾಲ್ಕು ಜನ ಗೆಳೆಯರನ್ನ ಕೇಳಿದೆ: ಯುವಿಗೆ ಬಂದಿದ್ದು ಯಾವ ಕ್ಯಾನ್ಸರ್? ನಾಲ್ವರೂ "ಲಂಗ್ ಕ್ಯಾನ್ಸರ್" ಅಂದರು. ಅದು ಲಂಗ್ ಕ್ಯಾನ್ಸರ್ ಅಲ್ಲ. 2012ರ ಫೆಬ್ರವರಿಯಲ್ಲಿ ಸುದ್ದಿ ಒಡೆದಾಗ ಹಲವು ಕಡೆ ಹಾಗೇ ಬಂದಿತ್ತು, ಜನರ ತಲೆಯಲ್ಲಿ ಅದೇ ಉಳಿಯಿತು. ಅವನಿಗೆ ಆಗಿದ್ದು ಎರಡು ಶ್ವಾಸಕೋಶಗಳ ನಡುವಿನ ಜಾಗದಲ್ಲಿ ಬೆಳೆದ 'ಸೆಮಿನೋಮಾ'. ಈ ಸೆಮಿನೋಮಾದ ಮಾಮೂಲಿ ಮನೆ ವೃಷಣ. ತಾಯಿಯ ಗರ್ಭದಲ್ಲಿ ಮಗು ಬೆಳೆಯುವಾಗ, ಮುಂದೆ ವೀರ್ಯಾಣು ತಯಾರಿಸಬೇಕಾದ ಜೀವಕೋಶಗಳು ದೇಹದೊಳಗೇ ಪ್ರಯಾಣ ಮಾಡಿ ವೃಷಣ ಸೇರಿಕೊಳ್ತವೆ. ಕೆಲವು ದಾರಿ ತಪ್ಪಿ ಎದೆಯ ನಡುವೆ ಉಳಿದುಬಿಡ್ತವೆ, ಎಷ್ಟೋ ವರ್ಷದ ಮೇಲೆ ಅಲ್ಲೇ ಗಡ್ಡೆ ಕಟ್ಟಬಹುದು ಅಂತ ವಿಜ್ಞಾನಿಗಳು ವಿವರಿಸ್ತಾರೆ. ಅಂದರೆ ಯುವರಾಜ್ ಮತ್ತು ಆರ್ಮ್‌ಸ್ಟ್ರಾಂಗ್ ಇಬ್ಬರ ಕಾಯಿಲೆಗಳೂ ಒಂದೇ ಕುಲದವು. ಇಬ್ಬರೂ ಹೋಗಿದ್ದು ಒಂದೇ ಊರಿಗೆ, ಇಂಡಿಯಾನಾಪೊಲಿಸ್‌ನ ಲಾರೆನ್ಸ್ ಐನ್‌ಹಾರ್ನ್ ಅವರ ತಂಡದ ಹತ್ತಿರ. ಅಷ್ಟು ದೂರ ಹೋಗಿ ಯುವಿಯನ್ನ ನೋಡಿಕೊಂಡು ಬಂದವರಲ್ಲಿ ನಮ್ಮ ಅನಿಲ್ ಕುಂಬ್ಳೆಯೂ ಒಬ್ಬರು.

ಈ ಐನ್‌ಹಾರ್ನ್ ಕಥೆಯೇ ಒಂದು ಪುಸ್ತಕ ಆಗಬೇಕು. 1965ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯವೊಂದರಲ್ಲಿ ಬಾರ್ನೆಟ್ ರೋಸನ್‌ಬರ್ಗ್ ಅನ್ನೋರು ಬ್ಯಾಕ್ಟೀರಿಯಾ ಮೇಲೆ ವಿದ್ಯುತ್ತಿನ ಪರಿಣಾಮ ನೋಡ್ತಾ ಇದ್ದರು. ಬ್ಯಾಕ್ಟೀರಿಯಾ ಉದ್ದುದ್ದ ಬೆಳೀತಾ ಹೋದವು, ಎರಡಾಗಿ ಒಡೆಯಲೇ ಇಲ್ಲ. ಹುಡುಕಿದರೆ ಕಾರಣ ವಿದ್ಯುತ್ತಲ್ಲ, ಎಲೆಕ್ಟ್ರೋಡಿನಿಂದ ಕರಗಿ ಬಂದ ಪ್ಲಾಟಿನಂ. ಕೋಶ ಒಡೆಯೋದನ್ನ ನಿಲ್ಲಿಸುವ ವಸ್ತು ಕ್ಯಾನ್ಸರನ್ನೂ ನಿಲ್ಲಿಸಬಹುದಲ್ಲ ಅನ್ನೋ ಯೋಚನೆಯಿಂದ ಸಿಸ್‌ಪ್ಲಾಟಿನ್ ಅನ್ನೋ ಔಷಧಿ ಬಂತು. 1974ರಲ್ಲಿ ಐನ್‌ಹಾರ್ನ್ ಅದನ್ನ ಇನ್ನೆರಡು ಔಷಧಿಗಳ ಜೊತೆ ಸೇರಿಸಿ, ಮೈಯೆಲ್ಲಾ ಹಬ್ಬಿದ್ದ ವೃಷಣದ ಕ್ಯಾನ್ಸರಿಗೆ ಕೊಟ್ಟರು. ಅಲ್ಲಿಯ ತನಕ ಹಾಗೆ ಹಬ್ಬಿದವರಲ್ಲಿ ನೂರಕ್ಕೆ ಹತ್ತು ಜನ ಉಳಿದರೆ ಹೆಚ್ಚು. ಈಗ ನೂರಕ್ಕೆ ಸುಮಾರು ಎಂಬತ್ತು. ವೃಷಣದಲ್ಲೇ ಇರುವಾಗ ಪತ್ತೆಯಾದರೆ ಅಮೆರಿಕದ ಲೆಕ್ಕದಲ್ಲಿ ಐದು ವರ್ಷದ ನಂತರ ನೂರಕ್ಕೆ 99 ಮಂದಿ ಬದುಕಿರ್ತಾರೆ. ಕ್ಯಾನ್ಸರುಗಳಲ್ಲಿ ಇಷ್ಟು ಒಳ್ಳೆಯ ಸುದ್ದಿ ಇರುವಂಥದ್ದು ತುಂಬಾ ಕಡಿಮೆ. ಆದರೂ ಅದರ ಹೆಸರು ಹೇಳೋಕೆ ನಾವು ಸಾಯ್ತೀವಿ.

ಯುವಿ ಎದೆಯೊಳಗಿನ ಗಡ್ಡೆಯನ್ನ ಯಾರೂ ಕೈಯಿಂದ ಮುಟ್ಟಿ ಕಂಡುಹಿಡಿಯೋಕೆ ಆಗ್ತಿರಲಿಲ್ಲ, ಅದು ಬೇರೆ ಮಾತು. ಆದರೆ ಇಡೀ ದೇಶ ಈ ಜಾತಿಯ ಕ್ಯಾನ್ಸರಿನ ಬಗ್ಗೆ ಮಾತಾಡಬಹುದಾಗಿದ್ದ ಒಂದೇ ಒಂದು ಸಂದರ್ಭದಲ್ಲಿ ಗಡ್ಡೆ ಎದೆಯಲ್ಲಿತ್ತು. ಎದೆ ಮರ್ಯಾದಸ್ಥ ಜಾಗ. ಎದೆಯಲ್ಲಿ ಧೈರ್ಯ ಇರುತ್ತೆ, ಪ್ರೀತಿ ಇರುತ್ತೆ. ಎರಡು ಅಡಿ ಕೆಳಗಿದ್ದಿದ್ದರೆ ಪೇಪರಿನವರು ಏನು ಬರೀತಿದ್ದರು ಅಂತ ಯೋಚನೆ ಮಾಡಿ.

ನೋವು ನುಂಗಿಕೊಂಡು ಆಡೋದನ್ನ ಆರಾಧಿಸೋದು ಅಮೆರಿಕದವರಿಂದ ಬಂದದ್ದೇನಲ್ಲ. 2002ರಲ್ಲಿ ಆಂಟಿಗುವಾದಲ್ಲಿ ಮುರಿದ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು ಬೌಲಿಂಗ್ ಮಾಡಿ ಲಾರಾನ ವಿಕೆಟ್ ತೆಗೆದ ಕುಂಬ್ಳೆ ಚಿತ್ರ ನನ್ನ ಹಾಸ್ಟೆಲ್ ಗೋಡೆ ಮೇಲಿತ್ತು. ಈಗಲೂ ಆ ಚಿತ್ರ ನೋಡಿದರೆ ಮೈ ಜುಮ್ಮೆನ್ನುತ್ತೆ. ಒಂದನ್ನ ಮಾತ್ರ ಮರೀತೀವಿ. ಕುಂಬ್ಳೆಗೆ ದವಡೆ ಮುರಿದಿದೆ ಅಂತ ಡಾಕ್ಟರು ನೋಡಿ ಹೇಳಿಯಾಗಿತ್ತು. ಗೊತ್ತಿದ್ದು ಆಡಿದ್ದು ಅದು. ನಾವು ಗೊತ್ತು ಮಾಡಿಕೊಳ್ಳದೇ ಇರೋದಕ್ಕೂ ಅದೇ ಚಿತ್ರ ತೋರಿಸ್ತೀವಿ.

ಇನ್ನು ನಮ್ಮ ಆಫೀಸುಗಳ ನವೆಂಬರ್. 2003ರಲ್ಲಿ ಮೆಲ್ಬರ್ನ್‌ನಲ್ಲಿ ಕೆಲವು ಗೆಳೆಯರು ಶುರು ಮಾಡಿದ ಮೊವೆಂಬರ್ ಚಳವಳಿ ಈಗ ಪ್ರಾಸ್ಟೇಟ್ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಗಂಡಸರ ಮಾನಸಿಕ ಆರೋಗ್ಯ ಇವುಗಳ ಬಗ್ಗೆ ಕೆಲಸ ಮಾಡುತ್ತೆ. ಮೀಸೆ ನೋಡಿ ಯಾರಾದರೂ 'ಯಾಕೆ' ಅಂತ ಕೇಳಬೇಕು, ಮಾತು ಶುರುವಾಗಬೇಕು ಅನ್ನೋದು ಅದರ ಉದ್ದೇಶ. ನಮ್ಮ ಆಫೀಸಿನಲ್ಲಿ ಫೋಟೋ ಕಾಂಟೆಸ್ಟ್ ಆಯಿತು, ಗೆದ್ದವನಿಗೆ ಟ್ರಿಮ್ಮರ್ ಸಿಕ್ಕಿತು. ಇಮೇಲಿನಲ್ಲಿ 'ಮೆನ್ಸ್ ಹೆಲ್ತ್' ಅಂತಿತ್ತು. ಯಾವ ಹೆಲ್ತು, ಮೈಯ ಯಾವ ಭಾಗ ಅಂತ ಯಾರೂ ಕೇಳಲಿಲ್ಲ. ನಾನೂ ಮೀಸೆ ಬಿಟ್ಟಿದ್ದೆ.

ಇಲ್ಲಿ ನಮ್ಮ ಭಾಷೆಯ ಪ್ರಶ್ನೆ ಬರುತ್ತೆ. 'ವೃಷಣ' ಅನ್ನೋ ಪದ ನನಗೆ ಸಿಕ್ಕಿದ್ದು ಹತ್ತನೇ ಕ್ಲಾಸಿನ ಜೀವಶಾಸ್ತ್ರದಲ್ಲಿ. ಮೇಷ್ಟ್ರು "ಈ ಪಾಠ ಮನೇಲಿ ಓದ್ಕೊಳ್ಳಿ" ಅಂದುಬಿಟ್ಟರು. ಮನೆಯಲ್ಲಿ ಆ ಪದ ಯಾರೂ ಆಡಿದವರಲ್ಲ. ಆಡುಮಾತಿನಲ್ಲಿ 'ಬೀಜ' ಇದೆ, 'ತರಡು' ಇದೆ. ಊರಿನಲ್ಲಿ ಎತ್ತಿನ ವಿಷಯಕ್ಕೆ ಬೀಜ ಅನ್ನೋದನ್ನ ಹೆಂಗಸರು ಮಕ್ಕಳ ಮುಂದೆಯೂ ಧಾರಾಳವಾಗಿ ಆಡ್ತಾರೆ. ಮನುಷ್ಯನ ವಿಷಯ ಬಂದರೆ ಅದೇ ಪದ ಬೈಗುಳ ಆಗುತ್ತೆ. ಪತ್ರಿಕೆಯ ಆರೋಗ್ಯ ಅಂಕಣಗಳಲ್ಲಿ 'ಗುಪ್ತಾಂಗ', 'ಖಾಸಗಿ ಭಾಗ'. ಸ್ತನ ಕ್ಯಾನ್ಸರಿನ ಬಗ್ಗೆ ಕನ್ನಡದಲ್ಲಿ ಹೆಂಗಸರು ನೇರವಾಗಿ ಬರೆದು, ಮಾತಾಡಿ, ಪದಕ್ಕೆ ಅಂಟಿದ್ದ ಮುಜುಗರವನ್ನ ಸಾಕಷ್ಟು ತೊಳೆದಿದ್ದಾರೆ. ಆ ಕೆಲಸವನ್ನ ಗಂಡಸರು ಮಾಡಿಕೊಂಡಿಲ್ಲ. ಹೀಗಾಗಿ ಹನ್ನೊಂದನೇ ವಾರ ಡಾಕ್ಟರ ಮುಂದೆ ಕೂತಾಗ ನನ್ನ ಬಾಯಿಂದ ಬಂದ ಮಾತು, "ಸರ್, ಕೆಳಗಡೆ ಸ್ವಲ್ಪ ಪ್ರಾಬ್ಲಂ."

"ಕೆಳಗಡೆ ಅಂದ್ರೆ? ಮಂಡಿನಾ?" ಅಂದರು ಅವರು. ತಮಾಷೆ ಮಾಡಲಿಲ್ಲ, ನಿಜವಾಗಲೂ ಕೇಳಿದರು.

ಈ ಎರಡೂ ಪುಸ್ತಕಗಳಲ್ಲಿ ನಾನು ಹುಡುಕಿದ್ದು ಒಂದೇ ಒಂದು ಪುಟ. ಬಚ್ಚಲಿನಲ್ಲಿ ನಿಂತ ಇಪ್ಪತ್ತಾರರ ಹುಡುಗನಿಗೆ ಕೈ ಎಲ್ಲಿಡಬೇಕು, ಏನು ಸಿಕ್ಕಿದರೆ ಏನರ್ಥ ಅಂತ ಹೇಳುವ ಪುಟ. ಆತ್ಮಕಥೆಯಲ್ಲಿ ಅದನ್ನ ಹುಡುಕೋದು ತಪ್ಪು ಅನ್ನಬಹುದು. ಇರಲಿ, ನಾನು ಸಂಪಾದಕನಾಗಿದ್ದರೆ ಕೊನೆಗೆ ಹೀಗೊಂದು ಪುಟ ಸೇರಿಸ್ತಿದ್ದೆ:

ಬಿಸಿನೀರಿನ ಸ್ನಾನ ಆದ ಮೇಲೆ ಚೀಲದ ಚರ್ಮ ಸಡಿಲವಾಗಿರುತ್ತೆ, ಆಗ ನೋಡಿಕೊಳ್ಳೋದು ಸುಲಭ. ಒಂದು ಸಲಕ್ಕೆ ಒಂದು ಬೀಜ. ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ ಇಟ್ಟು ಮೆಲ್ಲಗೆ ಹೊರಳಿಸಬೇಕು. ಹಿಸುಕಬಾರದು. ಮೊಟ್ಟೆಯಂಥ ಆಕಾರ, ನುಣುಪು, ಒಂದೇ ಸಮನಾದ ಗಟ್ಟಿತನ ಇದ್ದರೆ ಸರಿ. ಹಿಂಭಾಗದಲ್ಲಿ ಮೆತ್ತಗೆ ಸುರುಳಿ ದಾರದ ಥರ ಸಿಗೋದು ಎಪಿಡಿಡಿಮಿಸ್, ವೀರ್ಯಾಣು ಬಲಿಯುವ ನಾಳ. ಅದು ಇರಲೇಬೇಕು, ಹೆದರಬೇಡಿ. ಒಂದು ಇನ್ನೊಂದಕ್ಕಿಂತ ತುಸು ದೊಡ್ಡದಿರೋದು, ಒಂದು ಕೆಳಗೆ ಇಳಿಬಿದ್ದಿರೋದು ಮಾಮೂಲಿ. ಬೀಜದ ಮೇಲೇ ಗಟ್ಟಿಯಾದ ಗಂಟು, ಹೊಸದಾಗಿ ಬಂದ ಊತ, ಭಾರ, ತೊಡೆಸಂದಿಯಲ್ಲೋ ಕಿಬ್ಬೊಟ್ಟೆಯಲ್ಲೋ ಮಂದವಾದ ನೋವು ಇವಿದ್ದರೆ ಯುರಾಲಜಿಸ್ಟ್‌ಗೆ ತೋರಿಸಿ. ನೋವಿಲ್ಲ ಅಂತ ಸುಮ್ಮನಿರಬೇಡಿ, ಈ ಕ್ಯಾನ್ಸರಿನ ಗಂಟು ಸಾಮಾನ್ಯವಾಗಿ ನೋಯೋದಿಲ್ಲ. ಇದ್ದಕ್ಕಿದ್ದಂತೆ ತಡೆಯಲಾರದ ನೋವು ಬಂದರೆ ಅದು ಬೇರೆ ವಿಷಯ. ಬೀಜ ಒಳಗೇ ತಿರುಚಿಕೊಂಡಿರಬಹುದು. ಆಗ ಗಂಟೆಗಳ ಲೆಕ್ಕ, ಆ ರಾತ್ರಿಯೇ ಎಮರ್ಜೆನ್ಸಿಗೆ ಹೋಗಬೇಕು. ಸಿಕ್ಕಿದ ಗಂಟೆಲ್ಲಾ ಕ್ಯಾನ್ಸರ್ ಅಲ್ಲ. ನೀರು ತುಂಬಿದ್ದಿರಬಹುದು, ರಕ್ತನಾಳ ಉಬ್ಬಿದ್ದಿರಬಹುದು, ಸೋಂಕಿರಬಹುದು, ಹರ್ನಿಯಾ ಇರಬಹುದು. ಒಂದು ಅಲ್ಟ್ರಾಸೌಂಡ್ ಸ್ಕ್ಯಾನಿಂಗ್, ಬೇಕಾದರೆ ರಕ್ತಪರೀಕ್ಷೆ, ಇಷ್ಟರಲ್ಲಿ ಬಹುಪಾಲು ಗೊತ್ತಾಗುತ್ತೆ. ಹುಟ್ಟುವಾಗ ಬೀಜ ಚೀಲಕ್ಕೆ ಇಳಿಯದೇ ಇದ್ದವರು, ಅಪ್ಪನಿಗೋ ಅಣ್ಣತಮ್ಮಂದಿರಿಗೋ ಈ ಕಾಯಿಲೆ ಬಂದಿದ್ದವರು ಹೆಚ್ಚು ಗಮನ ಕೊಡಬೇಕು. ಒಂದನ್ನ ತೆಗೆಯಬೇಕಾಗಿ ಬಂದರೂ ಆರೋಗ್ಯವಾಗಿರುವ ಇನ್ನೊಂದು ಸಾಮಾನ್ಯವಾಗಿ ಗಂಡಸುತನಕ್ಕೂ ಮಕ್ಕಳಾಗೋದಕ್ಕೂ ಸಾಕು.

ಇಷ್ಟೇ. ಒಂದು ಪುಟಕ್ಕಿಂತ ಹೆಚ್ಚಿಲ್ಲ.

ಇದಕ್ಕೆ ಎದುರು ಮಾತೂ ಇದೆ, ಅದನ್ನ ಮುಚ್ಚಿಟ್ಟರೆ ನಾನೂ ಆರ್ಮ್‌ಸ್ಟ್ರಾಂಗ್ ಥರ ಆಗಿಬಿಡ್ತೀನಿ. ಅಮೆರಿಕ ಸರ್ಕಾರಕ್ಕೆ ಸಲಹೆ ಕೊಡುವ ತಜ್ಞರ ಕಾರ್ಯಪಡೆ 2011ರಲ್ಲಿ, ಏನೂ ಲಕ್ಷಣ ಇಲ್ಲದ ಗಂಡಸರು ವೃಷಣದ ಕ್ಯಾನ್ಸರಿಗಾಗಿ ಸ್ಕ್ರೀನಿಂಗ್ ಮಾಡಿಸೋದು ಬೇಡ ಅಂತ ಹೇಳಿತು. ತಾವೇ ಪರೀಕ್ಷೆ ಮಾಡಿಕೊಳ್ಳೋದೂ ಅದರಲ್ಲಿ ಸೇರಿದೆ. ಅವರ ವಾದ ಸರಳ. ಕಾಯಿಲೆ ಅಪರೂಪ. ಬಂದರೂ ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡುತ್ತೆ. ಪ್ರತಿ ತಿಂಗಳು ಹುಡುಕಿಕೊಳ್ಳೋದರಿಂದ ಸಾವು ಕಡಿಮೆಯಾಗುತ್ತೆ ಅನ್ನೋದಕ್ಕೆ ಪುರಾವೆ ಇಲ್ಲ, ಸುಮ್ಮನೆ ಭಯ ಮತ್ತು ಬೇಡದ ಪರೀಕ್ಷೆಗಳು ಹೆಚ್ಚಾಗಬಹುದು. ನಮ್ಮಲ್ಲಂತೂ ಇದು ಇನ್ನೂ ಅಪರೂಪ, ವರ್ಷಕ್ಕೆ ಒಂದು ಲಕ್ಷ ಗಂಡಸರಲ್ಲಿ ಒಬ್ಬನಿಗಿಂತಲೂ ಕಡಿಮೆ.

ಈ ವಾದವನ್ನ ನಾನು ಒಪ್ತೀನಿ. ಪ್ರತಿ ತಿಂಗಳು ಒಂದನೇ ತಾರೀಕು ರಿಮೈಂಡರ್ ಇಟ್ಟುಕೊಂಡು ನಡುಗ್ತಾ ಹುಡುಕಿಕೊಳ್ಳಿ ಅಂತ ಯಾರಿಗೂ ಹೇಳಲಾರೆ. ಆದರೆ ಆ ತಜ್ಞರ ಮಾತು ಏನೂ ಲಕ್ಷಣ ಇಲ್ಲದವರಿಗೆ. ಆರ್ಮ್‌ಸ್ಟ್ರಾಂಗ್‌ಗೆ ಲಕ್ಷಣ ಇತ್ತು, ನನಗೂ ಇತ್ತು. ನಮ್ಮಿಬ್ಬರ ಸಮಸ್ಯೆ ಹುಡುಕದೇ ಇದ್ದದ್ದಲ್ಲ, ಸಿಕ್ಕಿದ ಮೇಲೆ ಹೇಳದೇ ಇದ್ದದ್ದು. ನಮ್ಮದು ಹೇಗಿರುತ್ತೆ ಅಂತ ನಮಗೆ ಗೊತ್ತಿದ್ದರೆ, ಬದಲಾದಾಗ ಗೊತ್ತಾಗುತ್ತೆ. ಗೊತ್ತಾದಾಗ ಹೇಳೋಕೆ ಒಂದು ಪದ ಬಾಯಲ್ಲಿದ್ದರೆ, ಹನ್ನೊಂದು ವಾರ ಎರಡು ದಿನಕ್ಕೆ ಇಳಿಯುತ್ತೆ. ನಾನು ಕೇಳ್ತಿರೋದು ಅಷ್ಟೇ.

ನನ್ನ ಗಂಟಿನ ಕಥೆ ಏನಾಯಿತು ಅಂತ ಕೇಳ್ತೀರಲ್ಲ. ಡಾಕ್ಟರು ಮುಟ್ಟಿ ನೋಡೋಕೆ ಎರಡು ನಿಮಿಷ, ಸ್ಕ್ಯಾನಿಂಗ್‌ಗೆ ಹದಿನೈದು ನಿಮಿಷ. ಎಪಿಡಿಡಿಮಿಸ್ ಮೇಲೆ ನೀರು ತುಂಬಿದ ಒಂದು ಸಿಸ್ಟು. ಏನೂ ಮಾಡಬೇಕಾಗಿಲ್ಲ, ದೊಡ್ಡದಾದರೆ ಅಥವಾ ನೋವಾದರೆ ಬನ್ನಿ ಅಂದರು. "ಯಾವಾಗಿಂದ ಇದೆ?" ಅಂತ ಕೇಳಿದರು. "ಹೋದ ವಾರ ನೋಡ್ಕೊಂಡೆ ಸರ್" ಅಂದೆ. ಆಗಲೂ ಸುಳ್ಳೇ.

ಆ ವಾರ ಊರಿಗೆ ಹೋಗಿದ್ದೆ. ತಿಪಟೂರಿನ ಹತ್ತಿರ ನಮ್ಮೂರು. ಬ್ಯಾಗಿನಲ್ಲಿ ಸ್ಕ್ಯಾನಿಂಗ್ ಕವರು ನೋಡಿ ಅಪ್ಪ, "ಏನೋ ಇದು, ಯಾಕೋ ಸ್ಕ್ಯಾನಿಂಗು?" ಅಂದರು. ಅಮ್ಮ ಒಳಗಿದ್ದರು. ತಲೆ ತಗ್ಗಿಸಿಕೊಂಡು ಹೇಳಿದೆ. ಈ ಸಲ 'ಬೀಜ' ಅಂತಲೇ ಅಂದೆ. ಅಪ್ಪ ಸ್ವಲ್ಪ ಹೊತ್ತು ಜಗುಲಿಯ ಆಚೆ ತೆಂಗಿನ ಮರಗಳ ಕಡೆ ನೋಡ್ತಾ ಕೂತರು.

"ನಿಮ್ಮ ಚಿಕ್ಕಪ್ಪಂಗೂ ಅಲ್ಲೇ ಊತ ಇತ್ತು ಕಣೋ. ಅಂಡವಾಯು ಅಂದ್ಕೊಂಡ. ಯಾರ್ಗೂ ತೋರಿಸ್ಲಿಲ್ಲ."

ಚಿಕ್ಕಪ್ಪ ಹೊಟ್ಟೆಯಲ್ಲಿ ಗಂಟಾಗಿ ತೀರಿಹೋದರು ಅಂತ ಮಾತ್ರ ನಮಗೆ ಗೊತ್ತಿತ್ತು. ಆಗ ಅವರಿಗೆ 31. ನಾನು ಎರಡು ವರ್ಷದ ಮಗು. ಊರಿನಲ್ಲಿ ಯಾರದೇ ಹೋರಿಗೆ ಬೀಜ ಒಡೆಸಬೇಕಾದರೂ ಮೂಗುದಾರ ಹಿಡಿದು ನಿಲ್ಲೋಕೆ ಚಿಕ್ಕಪ್ಪನೇ ಬೇಕಿತ್ತಂತೆ, ಅಷ್ಟು ಗಟ್ಟಿ ಆಳು. ಅವರಿಗೆ ಬಂದದ್ದು ಇದೇ ಕಾಯಿಲೆ ಅಂತ ನಾನು ಹೇಳಲಾರೆ. ಯಾವ ಚೀಟಿಯೂ ಉಳಿದಿಲ್ಲ, ಯಾರೂ ಪರೀಕ್ಷೆ ಮಾಡಿಸಿದವರಲ್ಲ. ವೃಷಣದ ಕ್ಯಾನ್ಸರು ಮೊದಲು ಹಬ್ಬೋದು ಹೊಟ್ಟೆಯ ಹಿಂಭಾಗದ ಗ್ರಂಥಿಗಳಿಗೆ ಅಂತ ಓದಿದ್ದು ನನಗೆ ನೆನಪಿತ್ತು. ಅಪ್ಪನಿಗೆ ಅದನ್ನ ಹೇಳಲಿಲ್ಲ. ಅಪ್ಪನೇ ಕೇಳಿದರು, "ಆಗ ತೋರಿಸಿದ್ರೆ ಉಳೀತಿದ್ನೇನೋ?"

"ಗೊತ್ತಿಲ್ಲಪ್ಪ" ಅಂದೆ. ಈ ಸಲ ಹೇಳಿದ್ದು ನಿಜ.

ಮೇಲೆ ಬರೆದಿದ್ದೀನಲ್ಲ, ಆ ಒಂದು ಪುಟ, ಅದನ್ನ ಮೊದಲು ಬರೆದದ್ದು ಈ ಅಂಕಣಕ್ಕಲ್ಲ. ನನ್ನ ತಮ್ಮ ಹಾಸನದಲ್ಲಿ ಇಂಜಿನಿಯರಿಂಗ್ ಓದ್ತಿದ್ದಾನೆ, 19 ವರ್ಷ. ಅವನಿಗೆ ಕಳಿಸಿದೆ. ಉತ್ತರ ಬರಲಿಲ್ಲ. ಎರಡು ದಿನ ಆದ ಮೇಲೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. ಕಾಲೇಜು, ಇಂಟರ್ನಲ್ಸು, ಮೆಸ್ಸಿನ ಊಟ ಎಲ್ಲಾ ಮಾತಾಡಿದ. ಫೋನ್ ಇಡ್ತಾನೆ ಅಂದುಕೊಂಡೆ.

"ಅಣ್ಣ, ಹಿಂದ್ಗಡೆ ದಾರದ ಥರ ಮೆತ್ತಗೆ ಸಿಗುತ್ತಲ್ಲ, ಅದು ಎರಡೂ ಕಡೆ ಇರುತ್ತಾ?"

"ಎರಡೂ ಕಡೆ ಇರುತ್ತೆ."

"ಹಂಗಾದ್ರೆ ಸರಿ" ಅಂದ.